ಎರಡು ಜಿಲ್ಲೆಗಳ ಕೂಲಿಮಠಗಳು

ಡಚ್ಚರ ವಶದಲ್ಲಿದ್ದ ಭೀಮುನಿಪಟ್ಟಣವು ಇಂಗ್ಲಿಷರ ಕೈಸೇರಿದ್ದು 1825ರಲ್ಲಿ. ಅದೇ ಕಾಲದಲ್ಲಿ ಮದರಾಸು ಸರ್ಕಾರವು ತನ್ನ ಸೀಮೆಯ ಶಾಲೆಗಳನ್ನು ಎಣಿಸುತ್ತಿತ್ತು. 1822ರ ಜೂನ್ ತಿಂಗಳಲ್ಲಿ ಗವರ್ನರ್ ಥಾಮಸ್ ಮನ್ರೋ ಜಿಲ್ಲೆಗಳಿಂದ ಲೆಕ್ಕ ಕೇಳಿದ್ದನು. 1826ರ ಮಾರ್ಚ್ ತಿಂಗಳಲ್ಲಿ ಮೊತ್ತ ಸಿದ್ಧವಾಯಿತು: 1,28,50,941 ಜನರಿಗೆ 12,498 ಶಾಲೆಗಳು, ಎಂದರೆ ಸುಮಾರು ಸಾವಿರ ಜನಕ್ಕೊಂದು.

ಆ ಪಟ್ಟಿಯಲ್ಲಿ ವಿಶಾಖಪಟ್ಟಣ ಜಿಲ್ಲೆಗೆ 914 ಶಾಲೆಗಳಿವೆ, ಬಳ್ಳಾರಿಗೆ 533. ಇಷ್ಟನ್ನೇ ನೋಡಿದವರು ವಿದ್ಯೆಯಲ್ಲಿ ಕರಾವಳಿಯೇ ಮುಂದೆಂದು ತೀರ್ಮಾನಿಸಬಹುದು. ಆದರೆ ಶಾಲೆಯ ಒಳಗೆ ಏನು ನಡೆಯುತ್ತಿತ್ತೆಂಬುದನ್ನು ಸಂಖ್ಯೆ ಹೇಳುವುದಿಲ್ಲ. ಅದನ್ನು ಹೇಳಿದವನು ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್, 1823ರ ಆಗಸ್ಟ್ ತಿಂಗಳ ತನ್ನ ವರದಿಯಲ್ಲಿ.

ಇಂದಿನ ಅನಂತಪುರ ಸೀಮೆಯೂ ಆಗ ಬಳ್ಳಾರಿಗೇ ಸೇರಿತ್ತು. ಅವನ ಲೆಕ್ಕದಂತೆ ಅಲ್ಲಿ 235 ಕನ್ನಡ ಶಾಲೆಗಳು, 226 ತೆಲುಗು ಶಾಲೆಗಳು. ಉಳಿದವು ಮರಾಠಿ, ಪಾರಸಿ, ತಮಿಳು, ಇಂಗ್ಲಿಷ್ ಹಾಗೂ ವೇದಾಧ್ಯಯನದವು. 9,27,857 ಜನರ ನಡುವೆ ಓದುತ್ತಿದ್ದವರು 6,641; ಅವರಲ್ಲಿ ಹುಡುಗಿಯರು ಅರುವತ್ತೇ ಮಂದಿ. ಐದನೆಯ ವಯಸ್ಸಿಗೆ ಮಠ ಸೇರಿದ ಮಗು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿತ್ತು. ಮುಂದುವರಿದವರು ಕಿರಿಯರಿಗೆ ಹೇಳಿಕೊಡುತ್ತಿದ್ದರು. ಈ ಕ್ರಮವನ್ನು ಕ್ಯಾಂಬೆಲ್ ಮೆಚ್ಚಿಕೊಂಡಿದ್ದಾನೆ.

ಆಕ್ಷೇಪವೂ ಅಷ್ಟೇ ಖಂಡಿತವಾಗಿದೆ. ಪಾಠದ ಪುಸ್ತಕಗಳೆಲ್ಲ ಕಾವ್ಯಭಾಷೆಯವು; ಆಡುಮಾತಿಗೂ ಅದಕ್ಕೂ ದೂರ ಬಹಳ. ಮಕ್ಕಳು ಪದ್ಯಗಳನ್ನು ಗಿಳಿಪಾಠದಂತೆ ಒಪ್ಪಿಸುತ್ತಿದ್ದರು. ಅರ್ಥ ಬಿಡಿಸಿ ಹೇಳಬಲ್ಲ ಗುರುಗಳೇ ವಿರಳ. ಹಾಗಾಗಿ ಕನ್ನಡ ಶಾಲೆಯೆಂದು ದಾಖಲಾದುದರಿಂದಲೇ ಕನ್ನಡ ಮಗುವಿಗೆ ಓದಿದ್ದು ತಿಳಿಯುತ್ತಿತ್ತೆಂದು ಹೇಳುವಂತಿರಲಿಲ್ಲ. ಹಿಂದೆ ಶಾಲೆಯಿದ್ದ ಎಷ್ಟೋ ಊರುಗಳಲ್ಲಿ ಈಗ ಅದೂ ಇಲ್ಲವೆಂದು ಅವನು ಬರೆಯುತ್ತಾನೆ. ಕಾರಣ ಬಡತನ: ಯುರೋಪಿನ ಬಟ್ಟೆಯಿಂದ ನೇಕಾರಿಕೆ ಕುಸಿದಿತ್ತು, ನಾಡಿನ ಹಣ ಹೊರಗೆ ಹರಿಯುತ್ತಿತ್ತು, ಗುರುವಿಗೆ ಕೊಡಬೇಕಾದ ಅಲ್ಪ ಕಾಸೂ ಜನರಲ್ಲಿ ಉಳಿದಿರಲಿಲ್ಲ. ಕಂಪನಿಯ ಅಧಿಕಾರಿಯೇ ಕಂಪನಿಯ ಆಳ್ವಿಕೆಗೆ ಕೊಟ್ಟ ಸಾಕ್ಷ್ಯವಿದು.

ಕನ್ನಡ, ತೆಲುಗು ಶಾಲೆಗಳು ಹೀಗೆ ಸರಿಸಮವಾಗಿದ್ದ ಆ ನೆಲದ ಮೇಲೆ 1953ರಲ್ಲಿ ಗಡಿ ಬಿತ್ತು. ಬಳ್ಳಾರಿ ಮೈಸೂರಿಗೆ ಬಂತು. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. ಅಷ್ಟರಲ್ಲಿ ಶಾಲೆಯ ಅಳಿವು ಉಳಿವಿಗೆ ಹೊಸದೊಂದು ಎಣಿಕೆ ಬಂದಿತ್ತು. ತರಗತಿಯಲ್ಲಿ ಹತ್ತು ಅಥವಾ ಶಾಲೆಯಲ್ಲಿ ನಲವತ್ತು ಮಕ್ಕಳಿದ್ದರೆ ಅವರ ಮಾತೃಭಾಷೆಯಲ್ಲಿ ಕಲಿಸುವ ಏರ್ಪಾಡಾಗಬೇಕೆಂದು 1949ರಲ್ಲಿ ಪ್ರಾಂತಗಳ ಶಿಕ್ಷಣ ಸಚಿವರು ನಿರ್ಣಯಿಸಿದರು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸುವ ಹೊಣೆಯನ್ನು ರಾಜ್ಯಗಳ ಮೇಲಿಟ್ಟಿತು.

ಹೊರನಾಡಿನಲ್ಲಿ ಇಂದಿಗೂ ಕನ್ನಡ ಶಾಲೆಯ ಮಾತು ಬಂದಾಗ ಮೊದಲು ಕೇಳಿಬರುವುದು ಮಕ್ಕಳೆಷ್ಟು ಎಂಬ ಪ್ರಶ್ನೆ. ಶಾಲೆ ಉಳಿಯಲು ಆ ಲೆಕ್ಕ ಬೇಕೇ ಬೇಕು. ಎರಡು ಶಾಲೆಗಳನ್ನು ತೂಗಿ ನೋಡುವಾಗ ಮಾತ್ರ ಕ್ಯಾಂಬೆಲ್ಲನ ಪ್ರಶ್ನೆಯೇ ಹಿರಿದು: ಮಗು ಒಪ್ಪಿಸಿದ ಪದ್ಯ ಮಗುವಿಗೆ ತಿಳಿಯಿತೇ?