ಮಾತ್ರೆ ಎಂದರೆ ಅಳತೆ

ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆ ಎಂದು ಶಾಲೆಯಲ್ಲಿ ಎಣಿಸಿದ್ದು ನಿಮಗೂ ನೆನಪಿರಬಹುದು. ಮಾತ್ರೆ ಎಂದರೆ ಅಳತೆ. ಜ್ವರ ಬಂದಾಗ ನುಂಗುವ ಗುಳಿಗೆಗೂ ನಾವು ಅದೇ ಹೆಸರು ಹೇಳುತ್ತೇವೆ. ಅದರ ಇತಿಹಾಸ ಓದಿದ ಮೇಲೆ, ಆ ಹೆಸರು ಎಷ್ಟು ಸರಿ ಎನ್ನಿಸಿತು.

ಹಿಂದೆ ಇಂಗ್ಲೆಂಡಿನ ಔಷಧ ಅಂಗಡಿಗಳಲ್ಲಿ ಪುಡಿಯನ್ನು ಅಂಟಿನ ಜೊತೆ ಕಲಸಿ, ಹೊಸೆದು, ತುಂಡು ಮಾಡಿ ಉಂಡೆ ಕಟ್ಟುತ್ತಿದ್ದರು. ಕೈ ಸ್ವಲ್ಪ ತಪ್ಪಿದರೆ ಒಂದರಲ್ಲಿ ಔಷಧ ಹೆಚ್ಚು, ಇನ್ನೊಂದರಲ್ಲಿ ಕಡಿಮೆ.

ದಾರಿ ತೋರಿಸಿದ್ದು ಪೆನ್ಸಿಲ್! ಕಂಬರ್‌ಲ್ಯಾಂಡ್ ಗಣಿಯಲ್ಲಿ ಪೆನ್ಸಿಲ್ಲಿಗೆ ಬೇಕಾದ ಒಳ್ಳೆಯ ಗ್ರಾಫೈಟ್ ಗಟ್ಟಿ ಸಿಗುವುದು ಕಡಿಮೆಯಾಗಿತ್ತು. ಚಿತ್ರಕಾರ ವಿಲಿಯಂ ಬ್ರಾಕೆಡನ್ ಗ್ರಾಫೈಟ್ ಪುಡಿಯನ್ನೇ ಅಚ್ಚಿಗೆ ಹಾಕಿ ಒತ್ತಿ ಗಟ್ಟಿ ಮಾಡಿದರು. 1843ರಲ್ಲಿ ಅವರು ಪಡೆದ ಪೇಟೆಂಟಿನಲ್ಲಿ ಔಷಧದ ಗುಳಿಗೆಯೂ ಸೇರಿತ್ತು.

1884ರಲ್ಲಿ ಲಂಡನ್ನಿನ ಬರೋಸ್ ವೆಲ್‌ಕಮ್ ಕಂಪನಿ ತನ್ನ ಒತ್ತು ಗುಳಿಗೆಗಳಿಗೆ 'ಟ್ಯಾಬ್ಲಾಯ್ಡ್' ಎಂಬ ಹೆಸರು ನೋಂದಾಯಿಸಿತು. ಸುದ್ದಿಯನ್ನು ಚಿಕ್ಕದಾಗಿ ಅಡಕ ಮಾಡಿ ಕೊಡುವ ಪತ್ರಿಕೆಗಳಿಗೆ ಆ ಹೆಸರು ಅಂಟಿಕೊಂಡದ್ದು ಆಮೇಲೆ. ಪತ್ರಿಕೋದ್ಯಮ ಓದಿದ ನಮಗೇ ಇದು ಗೊತ್ತಿರಲಿಲ್ಲ!

ಮಾತ್ರೆ ಯಂತ್ರ ಒಂದೊಂದು ಮಾತ್ರೆಯನ್ನೂ ತೂಗುವುದಿಲ್ಲ. ಲಾಳಿಕೆಯಿಂದ ಪುಡಿ ಅಚ್ಚಿನ ಕುಳಿಗೆ ಇಳಿಯುತ್ತದೆ, ಮೇಲಿಂದ ಕೆಳಗಿಂದ ಒತ್ತು ಬೀಳುತ್ತದೆ. ಕುಳಿ ತುಂಬಿದಷ್ಟೇ ಅಳತೆ. ರಾಗಿ ಹಿಟ್ಟು ಲಾಳಿಕೆಯಲ್ಲಿ ಕಟ್ಟಿಕೊಳ್ಳುತ್ತದೆ, ರವೆ ಸರಾಗವಾಗಿ ಜಾರುತ್ತದೆ, ಅಲ್ಲವೇ? ಆದ್ದರಿಂದ ಔಷಧದ ಪುಡಿಯನ್ನು ಗಂಜಿಯಂಥ ಅಂಟಿನಲ್ಲಿ ಕಲಸಿ, ಜರಡಿ ಹಿಡಿದು, ಒಣಗಿಸಿ ರವೆಯಂತೆ ಮಾಡುತ್ತಾರೆ. ನೀರು ತಾಗಿದರೆ ಕೆಡುವ ಔಷಧವನ್ನು ಮೊದಲು ದೊಡ್ಡ ಬಿಲ್ಲೆಯಾಗಿ ಒತ್ತಿ, ಒಡೆದು ರವೆ ಮಾಡುತ್ತಾರೆ. ಚೆನ್ನಾಗಿ ಜಾರುವ ಮಿಶ್ರಣವಾದರೆ ನೇರವಾಗಿ ಅಚ್ಚಿಗೆ. ಈ ಮೂರೂ ವಿಧಾನ ಇಂದಿಗೂ ನಡೆಯುತ್ತಿವೆ.

ಇದನ್ನೆಲ್ಲ ಹೇಳಲು ಕಾರಣವಿದೆ. ನಮ್ಮ ಮನೆಗಳಲ್ಲಿ ನುಂಗಲಾಗದ ಹಿರಿಯರಿಗೆ ಮಾತ್ರೆ ಕುಟ್ಟಿ ಜೇನುತುಪ್ಪದಲ್ಲಿ ಕೊಡುವುದುಂಟು. ಕೆಲವು ಮಾತ್ರೆಗಳನ್ನು ಗಂಟೆಗಟ್ಟಲೆ ನಿಧಾನವಾಗಿ ಔಷಧ ಬಿಡುವಂತೆ ಮಾಡಿರುತ್ತಾರೆ. ಹೆಸರಿನ ಜೊತೆ ಎಸ್‌ಆರ್, ಎಕ್ಸ್‌ಆರ್ ಎಂದಿದ್ದರೆ ಅಂಥದ್ದು. ಅದನ್ನು ಕುಟ್ಟಿದರೆ ದಿನವಿಡೀ ಸೇರಬೇಕಾದ ಔಷಧ ಒಮ್ಮೆಲೇ ಮೈಗೆ ಸೇರಿ ಅಪಾಯವಾಗಬಹುದು. ಗುರುತು ಇಲ್ಲದಿದ್ದರೂ, ಕುಟ್ಟುವ ಮೊದಲು ಡಾಕ್ಟರನ್ನೋ ಮೆಡಿಕಲ್ ಅಂಗಡಿಯವರನ್ನೋ ಒಂದು ಮಾತು ಕೇಳಿ. ನುಂಗಲು ಕಷ್ಟ ಎಂದರೆ ಅದೇ ಔಷಧ ಸಿರಪ್ ರೂಪದಲ್ಲಿ ಸಿಗುವುದೂ ಉಂಟು.