ಬಣ್ಣದ ಗಾಜಿನ ಜ್ಞಾನೋಪದೇಶ

ಮೈಸೂರಿನ ಸಂತ ಫಿಲೋಮಿನಾ ಪ್ರಧಾನಾಲಯಕ್ಕೆ 1933ರ ಅಕ್ಟೋಬರ್ 28ರಂದು ಅಸ್ತಿಭಾರ ಶಿಲೆಯನ್ನಿಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಅಲ್ಲಿ ಮೊದಲಿದ್ದ, 1843ರ ಚಿಕ್ಕ ದೇವಾಲಯವೂ ಮುಮ್ಮಡಿಯವರ ಔದಾರ್ಯದ ಫಲವೇ. ಕ್ರೈಸ್ತರಲ್ಲದ ಅರಸರು ತೋರಿದ ಈ ಆದರವನ್ನು ನಾವು ಮರೆಯಲಾಗದು.

ನಂಜನಗೂಡು, ತಿರುಮಕೂಡಲು ನರಸೀಪುರಗಳ ನಮ್ಮ ಹಿರಿಯರಲ್ಲಿ ಓದುಬರಹ ಬಲ್ಲವರು ವಿರಳ. ಅಂಥವರು ಆಗಸ್ಟ್ ತಿಂಗಳ ಹಬ್ಬಕ್ಕೆ ಹೋದಾಗ ಮೊದಲು ಕಾಣುವುದು 175 ಅಡಿಯ ಜೋಡಿ ಗೋಪುರಗಳು. ಒಳಹೊಕ್ಕರೆ ಬಣ್ಣದ ಗಾಜಿನ ಕಿಟಕಿಗಳು. ಪ್ರಭುವಿನ ಜನನ, ಕಡೆಯ ಭೋಜನ, ಶಿಲುಬೆಯ ಮರಣ, ಪುನರುತ್ಥಾನ, ಸ್ವರ್ಗಾರೋಹಣ ಇವೆಲ್ಲವೂ ಅಲ್ಲಿ ಬೆಳಕಿನಲ್ಲೇ ಬರೆದಂತಿವೆ. ನಮ್ಮ ಎಷ್ಟೋ ಪ್ರಬೋಧನೆಗಳು ಮಾಡಲಾರದ ಕೆಲಸವನ್ನು ಆ ಗಾಜು ಮಾಡಿದೆಯೆಂದು ಹೇಳಲು ನಮಗೆ ಸಂಕೋಚವಿಲ್ಲ. ಬಡ ಧರ್ಮಕೇಂದ್ರಕ್ಕೆ ಕಲೆಯೇಕೆಂದು ಕೇಳುವವರುಂಟು. ಬಡವರಿಗೇ ಅದು ಹೆಚ್ಚು ಬೇಕು. ಸಿರಿವಂತರಿಗೆ ಬೆರಗುಪಡಲು ಬೇರೆ ತಾಣಗಳಿವೆ.

ಆ ಶೈಲಿ ಯುರೋಪಿನದೆಂಬ ಮಾತು ನಿಜ. ಆದರೆ ಯಾವುದೇ ಒಂದು ಕಲಾಶೈಲಿಯನ್ನು ಧರ್ಮಸಭೆ ತನ್ನದೆಂದು ಕಟ್ಟಿಕೊಂಡಿಲ್ಲವೆಂದು 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಸಾರಿತು. ಆ ಜಾಡಿನಲ್ಲಿ ಪೂಜ್ಯ ಅಮಲೋರ್ಪವದಾಸರು ಬೆಂಗಳೂರಿನಲ್ಲಿಯೂ, 1979ರಿಂದ ಮೈಸೂರಿನ ಅಂಜಲಿ ಆಶ್ರಮದಲ್ಲಿಯೂ ಈ ನೆಲದ ಸಂಕೇತಗಳಿಂದ ಪ್ರಾರ್ಥನೆಯ ನೆಲೆಗಳನ್ನು ರೂಪಿಸಿದರು. ನರಸೀಪುರ ತಾಲ್ಲೂಕಿನದೇ ಆದ ಸೋಮನಾಥಪುರದಲ್ಲಿ, ಹದಿಮೂರನೆಯ ಶತಮಾನದ ಶಿಲ್ಪಿ ಮಲ್ಲಿತಮ್ಮ ತಾನು ಕಡೆದ ವಿಗ್ರಹಗಳ ಕೆಳಗೆ ಹೆಸರನ್ನು ಕೊರೆದಿದ್ದಾನೆ. ನಮ್ಮ ಗುಡಿಗಳಲ್ಲಿರುವ ಮರದ ಪ್ರತಿಮೆಗಳನ್ನು ಕೆತ್ತಿದವರ ಹೆಸರು ಎಲ್ಲಿ? ಬಲ್ಲ ಹಿರಿಯರಿದ್ದಲ್ಲಿ ಧರ್ಮಕೇಂದ್ರದ ದಾಖಲೆಯಲ್ಲಿ ಬರೆಯಿಸಬೇಕು. ಶತಮಾನೋತ್ಸವದ ಸಡಗರದಲ್ಲಿ ಅವುಗಳ ಮೇಲೆ ಹೊಸ ಎನಾಮೆಲ್ ಬಳಿಯುವ ಆತುರವನ್ನು ದಯವಿಟ್ಟು ಬಿಡಬೇಕು.