ಅಸ್ತ್ರ ಒಲಿ ಯಾಕ ಮೂಲಿಗೆ ಬಿತ್ತು?

ಹಳೇ ಅಡಗಿಮನ್ಯಾಗ ಮೂರು ಕುಳಿಯ, ಹೊಗಿ ಕೊಳವಿ ಇರೋ ಒಲಿ ನೋಡಿದ್ದರ ಅದು ಅಸ್ತ್ರ ಒಲಿ ಇರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೊಳಗ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಶುರು ಮಾಡಿದ 'ಅಸ್ತ್ರ' ಕೇಂದ್ರದಾಗ ಇದು ರೂಪುಗೊಂಡಿತು. 1983ರಲ್ಲಿ ಕೇಂದ್ರ ಸರ್ಕಾರದ ಸುಧಾರಿತ ಒಲೆ ಕಾರ್ಯಕ್ರಮ ಬಂದ ಮ್ಯಾಲ ಕರ್ನಾಟಕದ ಹಳ್ಳಿಗಳಿಗೆ ಹಬ್ಬಿತು. 2002ಕ್ಕ ಆ ಕಾರ್ಯಕ್ರಮ ನಿಂತಿತು.

ಈ ಒಲಿಯ ಜೀವ ಇರೋದು ಕಬ್ಬಿಣದ ಜಾಲರಿಯೊಳಗ. ಕೆಳಗಿಂದ ಗಾಳಿ ಏರಿ ಕಟಗಿ ಪೂರ್ತಿ ಉರಿತೈತಿ, ಬೂದಿ ಕೆಳಗ ಬೀಳ್ತೈತಿ. ಜಾಲರಿ ಸುಟ್ಟು ಮುರಿದರ ಕೆಂಡ ಬಿದ್ದು ಗಾಳಿ ದಾರಿನೇ ಮುಚ್ಚತೈತಿ. ಕೊಳವಿ ಒಡೆದರ ಹೊಗಿ ಮನಿ ತುಂಬತೈತಿ. ಬದಲಿ ಸಾಮಾನು ಸಿಗದ ಕಡೆ ಒಳ್ಳೇ ಒಲಿನೂ ಮೂಲಿ ಸೇರಿತು.

ಗ್ಯಾಸ್ ಬಂದರೂ ಬಾದಾಮಿ, ಹುನಗುಂದ, ಇಳಕಲ್ಲ ಕಡೆ ರೊಟ್ಟಿಗೆ, ಜಳಕದ ನೀರಿಗೆ ಕಟಗಿ ಒಲಿ ಬಿಟ್ಟಿಲ್ಲ. ನಿಮ್ಮಲ್ಲಿ ಇದ್ದರ ಹಳೇ ಜಾಲರಿ ಅಳತಿ ಒಯ್ದು ಕಮ್ಮಾರರ ಕಡೆ ಹಂಗ ಮಾಡಿಸ್ರಿ. ಸಂದು ದೊಡ್ಡದಾದರ ಕೆಂಡ ಉದುರತೈತಿ, ಸಣ್ಣದಾದರ ಬೂದಿ ಕಟ್ಟತೈತಿ. ಕೊಳವಿ ಮೊದಲಿನ ಅಗಲದ್ದೇ ಇರಲಿ, ಮಸಿ ಆಗಾಗ ತೆಗೀರಿ. ಹಳೇದು ಆಸ್ಬೆಸ್ಟಾಸಿನದಿದ್ದರ ಗರಗಸ ಹಚ್ಚಬ್ಯಾಡ್ರಿ, ಆ ಧೂಳು ಎದಿಗೆ ಕೆಟ್ಟದ್ದು. ಬಿರುಕಿಗೆ ಬರೀ ಎರಿಮಣ್ಣು ಮೆತ್ತಿದರ ಒಣಗಿ ಮತ್ತ ಸೀಳತೈತಿ.